ಬಡಿಸಿದವರೂ ಅದೇ ಸಾಲಿನಲ್ಲಿ ಕೂರಲಿ

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದವರು. ಮಹಡಿ ಮನೆಯನ್ನು ಮೆಡಿಕಲ್ ಓದುವ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಬಿಹಾರ, ರಾಜಸ್ಥಾನ, ಕೇರಳ, ಆಂಧ್ರದ ಕಡೆಯವರು. ಮೆಸ್ ಊಟ ಬೇಜಾರಾಗಿದೆ, ನಿಮ್ಮ ಮನೆ ಊಟ ಹೇಗಿರುತ್ತೆ ಆಂಟಿ ಅಂತ ಕೇಳ್ತಾ ಇರುತ್ತಾರೆ. ತಿಂಗಳಿಗೆ ಒಂದು ಭಾನುವಾರ ಅವರನ್ನೂ ಅಕ್ಕಪಕ್ಕದ ಮನೆಯವರನ್ನೂ ಸೇರಿಸಿ 15 ಜನಕ್ಕೆ ಊಟ ಹಾಕಬೇಕೆಂಬ ಆಸೆ. ನಮ್ಮ ಊಟ, ನಮ್ಮ ಪದ್ಧತಿ ಅವರಿಗೂ ಗೊತ್ತಾಗಲಿ ಅಂತ. ಬೆಣ್ಣೆ ದೋಸೆ, ಹೋಳಿಗೆ ಎಲ್ಲಾ ಮಾಡಬೇಕಾ? ಖಾರ ಕಡಿಮೆ ಮಾಡಬೇಕಾ? ದುಡ್ಡು ತಗೊಳ್ಳೋದು ಸರಿಯಾ? ನಮ್ಮ ಅತ್ತೆಯವರು, "ಊಟ ಹಾಕು, ಬೇಡ ಅನ್ನಲ್ಲ. ಯಾರ್ಯಾರನ್ನೋ ಅಡುಗೆಮನೆಗೆ ಮಾತ್ರ ಬಿಡಬೇಡ" ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಅಕ್ಕಾ, ಖಂಡಿತ ಮಾಡಿ. ಆದರೆ ಏನು ಅಡುಗೆ ಎಂದು ಯೋಚಿಸುವ ಮೊದಲು ಎರಡು ವಿಷಯ ಗಟ್ಟಿ ಮಾಡಿಕೊಳ್ಳಿ. ಬಂದ ಹುಡುಗಿಯರು ಅಡುಗೆಗೆ ಕೈ ಹಾಕಬೇಕು. ಅಡುಗೆ ಮಾಡಿದ ನೀವು ಅವರ ಜೊತೆಗೇ ಊಟಕ್ಕೆ ಕೂರಬೇಕು. ನೀವು ಕೇಳಿರುವ ಎಲ್ಲ ಪ್ರಶ್ನೆಗೂ ಉತ್ತರ ಈ ಎರಡರಿಂದಲೇ ಸಿಗುತ್ತದೆ.

ನೀವು ಕೂರುವ ವಿಷಯವನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಅದನ್ನು ನೀವು ಕೇಳಿಯೇ ಇಲ್ಲ. ನಮ್ಮ ಮನೆಗಳಲ್ಲಿ ಯಾವ ಕಾರ್ಯವಾದರೂ ನೋಡಿ. ಮೊದಲ ಪಂಕ್ತಿ ಗಂಡಸರಿಗೆ, ನೆಂಟರಿಗೆ. ಆಮೇಲೆ ಮಕ್ಕಳು, ವಯಸ್ಸಾದವರು. ಬೆಳಗಿನಿಂದ ಒಲೆ ಮುಂದೆ ನಿಂತವರು ಕೊನೆಗೆ. ಅಷ್ಟು ಹೊತ್ತಿಗೆ ಪಲ್ಯ ತಳ ಕಂಡಿರುತ್ತದೆ, ರೊಟ್ಟಿ ಆರಿರುತ್ತದೆ, ಹಸಿವೂ ಸತ್ತಿರುತ್ತದೆ. ಇದನ್ನೂ ನಮ್ಮ ಪದ್ಧತಿ ಎಂದು ಆ ಹುಡುಗಿಯರಿಗೆ ತೋರಿಸಬೇಕಾ? ನೀವು ಬಾಯಲ್ಲಿ ಎಷ್ಟೇ ಹೇಳಿ, ಅವರು ಕಣ್ಣಲ್ಲಿ ನೋಡುವುದು ಯಾರು ಕೂತರು, ಯಾರು ನಿಂತೇ ಇದ್ದರು ಅನ್ನುವುದನ್ನು. ಅವರ ಮನೆಗಳಲ್ಲೂ ಅಮ್ಮಂದಿರ ಕಥೆ ಹೆಚ್ಚು ಕಡಿಮೆ ಇದೇ. ಹಾಗಾಗಿ ನೀವು ಅವರ ಪಕ್ಕ ಕೂತು ಉಂಡರೆ ಅದು ಅವರ ಮನಸ್ಸಲ್ಲಿ ಉಳಿಯುತ್ತದೆ.

ಇದನ್ನು ಒಪ್ಪಿಕೊಂಡರೆ ಬೆಣ್ಣೆ ದೋಸೆ ತಾನಾಗಿಯೇ ಬಿಟ್ಟುಹೋಗುತ್ತದೆ. ಬೆಣ್ಣೆ ದೋಸೆ ನಮ್ಮೂರಿನ ಹೆಮ್ಮೆ, ಅನುಮಾನ ಇಲ್ಲ. ಆದರೆ ಅದು ಹೋಟೆಲಿನ ತಿಂಡಿ. ದೊಡ್ಡ ಕಾವಲಿ ಬೇಕು, ಒಳ್ಳೆ ಉರಿ ಬೇಕು, ಹಂಚಿನಿಂದ ನೇರ ತಟ್ಟೆಗೆ ಬರಬೇಕು. 15 ಜನಕ್ಕೆ ಮನೆಯಲ್ಲಿ ಮಾಡಲು ಹೋದರೆ ನೀವು ಮಧ್ಯಾಹ್ನ ಪೂರ್ತಿ ಒಲೆ ಬಿಟ್ಟು ಕದಲುವ ಹಾಗಿಲ್ಲ. ಅದನ್ನು ಹುಡುಗಿಯರು ಹೋಟೆಲಿನಲ್ಲೇ ತಿನ್ನಲಿ, ಅಲ್ಲಿಯೇ ಚೆನ್ನ. ಹೋಳಿಗೆಯನ್ನೂ ಮೊದಲ ಸಲಕ್ಕೆ ಬೇಡ ಅನ್ನುತ್ತೇನೆ. ಹಬ್ಬದ ಅಡುಗೆ ಹಬ್ಬಕ್ಕೇ ಇರಲಿ. ಅವರು ಕೇಳಿದ್ದು "ನಿಮ್ಮ ಮನೆ ಊಟ ಹೇಗಿರುತ್ತೆ" ಅಂತ. ಮಂಗಳವಾರ ಮಧ್ಯಾಹ್ನ ನಿಮ್ಮ ಮನೆಯಲ್ಲಿ ಏನಿರುತ್ತದೋ ಅದೇ ಅದಕ್ಕೆ ಉತ್ತರ.

ಅಂದರೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹೆಚ್ಚಿದ ಈರುಳ್ಳಿ, ಸೌತೆಕಾಯಿ. ಆಮೇಲೆ ಅನ್ನ, ಬೇಳೆ ಸಾರು, ಮಜ್ಜಿಗೆ. ಸಿಹಿ ಬೇಕೇ ಬೇಕು ಅಂದರೆ ಶಾವಿಗೆ ಪಾಯಸ. ಇಷ್ಟು ಸಾಕು, ಇದಕ್ಕಿಂತ ಜಾಸ್ತಿ ಬೇಡ.

ಅಳತೆ ಕೇಳುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. 15 ಜನಕ್ಕೆ ತಲಾ 2 ರೊಟ್ಟಿ ಅಂದರೆ 30 ರೊಟ್ಟಿ. ಅದಕ್ಕೆ 2 ಕೆಜಿ ಜೋಳದ ಹಿಟ್ಟು ಸಾಕು. ರೊಟ್ಟಿ ತಿಂದ ಮೇಲೆ ಅನ್ನ ಹೆಚ್ಚು ಹೋಗುವುದಿಲ್ಲ, ಒಂದೂಕಾಲು ಕೆಜಿ ಅಕ್ಕಿ ಇಡಿ. ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ 30, ಮಸಾಲೆಗೆ ಕಾಲು ಕೆಜಿ ಹುರಿದ ಶೇಂಗಾ. ಹೆಸರುಕಾಳು ಮುಕ್ಕಾಲು ಕೆಜಿ, ಹಿಂದಿನ ರಾತ್ರಿಯೇ ನೆನೆಹಾಕಿ. ಸಾರಿಗೆ 400 ಗ್ರಾಂ ತೊಗರಿಬೇಳೆ. 2 ಲೀಟರ್ ಮೊಸರು ತಂದರೆ ತಿನ್ನುವುದಕ್ಕೂ ಆಯಿತು, ಮಜ್ಜಿಗೆಗೂ ಆಯಿತು.

ಈಗ ಹುಡುಗಿಯರ ಕೈಗೆ ಏನು ಕೊಡಬೇಕು ಅನ್ನುವ ಮಾತು. ರೊಟ್ಟಿಯನ್ನೇ ಕೊಡಿ. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ, ಅದಕ್ಕೇ ಚಪಾತಿ ಲಟ್ಟಿಸಿದರೆ ಹಿಗ್ಗುತ್ತದೆ. ಜೋಳದಲ್ಲಿ ಅದು ಇಲ್ಲ. ಅದಕ್ಕೇ ನಾವು ಕುದಿಯುವ ನೀರು ಹಾಕಿ ಕಲಸುತ್ತೇವೆ. ಬಿಸಿನೀರಿಗೆ ಹಿಟ್ಟಿನಲ್ಲಿರುವ ಪಿಷ್ಟ ಅರೆಬೆಂದು ಅಂಟು ಬರುತ್ತದೆ, ಆಮೇಲೆ ಚೆನ್ನಾಗಿ ನಾದಿದರೆ ತಟ್ಟುವ ಹದಕ್ಕೆ ಸಿಗುತ್ತದೆ. ಮೆಡಿಕಲ್ ಓದುವ ಹುಡುಗಿಯರಿಗೆ ಈ ಕಾರಣ ಹೇಳಿ, ಅವರಿಗೆ ಇಷ್ಟವಾಗುತ್ತದೆ. ಇಷ್ಟು ದಿನ ಅಭ್ಯಾಸ ಅಂತ ಮಾಡಿದ್ದಕ್ಕೆ ಒಂದು ಕಾರಣವೂ ಇದೆ ಅಂತ ನಿಮಗೂ ಖುಷಿಯಾಗುತ್ತದೆ.

ಮೊದಲ ರೊಟ್ಟಿಗಳು ಅವರ ಕೈಯಲ್ಲಿ ಹರಿಯುತ್ತವೆ, ಅಂಚು ಬಿರಿಯುತ್ತವೆ. ಹರಿದದ್ದನ್ನು ಎಸೆಯಬೇಡಿ, ಮತ್ತೆ ಕಲಸಬೇಡಿ. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ತಿರುವಿ, ಸುಟ್ಟು ತೆಗೆಯಿರಿ. ಅವರು ಮಾಡಿದ ರೊಟ್ಟಿ ಅವರ ಎಲೆಗೇ ಬೀಳಲಿ. ರಾಜಸ್ಥಾನದ ಹುಡುಗಿ ನಿಮಗೇ ಏನಾದರೂ ತೋರಿಸಬಹುದು. ಅವರ ಕಡೆ ಸಜ್ಜೆ ರೊಟ್ಟಿಯನ್ನು ಎರಡೂ ಅಂಗೈ ನಡುವೆ ಹಿಡಿದು ತಟ್ಟುತ್ತಾರೆ. ನಮ್ಮ ಜಗಳೂರು ಕಡೆಯ ಸಜ್ಜೆ ರೊಟ್ಟಿಯೂ ಅವರ ರೊಟ್ಟಿಯೂ ಒಂದೇ ಕಾಳಿನದು.

ರೊಟ್ಟಿ ಹಂಚಿನ ಮುಂದೆ ಇಬ್ಬರಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ಉಳಿದವರು ಹೊರಗೆ ಜಮಖಾನದ ಮೇಲೆ ಕೂತು ಬದನೆಕಾಯಿಗೆ ಮಸಾಲೆ ತುಂಬಲಿ, ಈರುಳ್ಳಿ ಹೆಚ್ಚಲಿ, ಮಜ್ಜಿಗೆ ಕಡೆಯಲಿ. ನೀವು ಅನ್ನ, ಪಾಯಸ, ಸಾರಿನ ಬೇಳೆ ಮಾತ್ರ ನೋಡಿಕೊಳ್ಳಿ. ಹತ್ತೂವರೆಗೆ ಬರಲು ಹೇಳಿದರೆ ಒಂದು ಗಂಟೆಗೆ ಎಲ್ಲರೂ ಎಲೆ ಮುಂದೆ ಕೂರಬಹುದು. ರೊಟ್ಟಿಗಳನ್ನು ಬಟ್ಟೆ ಹಾಸಿದ ಪುಟ್ಟಿಯಲ್ಲಿ ಮುಚ್ಚಿಟ್ಟರೆ ಅಷ್ಟು ಹೊತ್ತು ಮೆತ್ತಗೇ ಇರುತ್ತವೆ. ಊಟದ ಮಧ್ಯೆ ಯಾರೂ ಬಿಸಿ ರೊಟ್ಟಿಗೆ ಎಂದು ಎದ್ದು ಓಡುವುದು ಬೇಡ.

ಅತ್ತೆಯವರ ಮಾತಿಗೆ ಬರೋಣ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ಅಡುಗೆಮನೆ ಅವರು ಕಟ್ಟಿದ್ದು. ಪಾತ್ರೆ ಎಲ್ಲಿ, ಸೌಟು ಎಲ್ಲಿ, ಯಾವ ಡಬ್ಬಿಗೆ ಯಾವ ಮುಚ್ಚಳ, ಎಲ್ಲ ಅವರ ಲೆಕ್ಕ. ಹೊಸಬರು ಬಂದು ಕಲಸುಮೇಲೋಗರ ಮಾಡುತ್ತಾರೆ ಅನ್ನುವ ಭಯ ಇದ್ದರೆ ಅದಕ್ಕೆ ಸುಲಭದ ದಾರಿ ಇದೆ. ರೊಟ್ಟಿ ಕಲಿಸುವ ಕೆಲಸ ಅತ್ತೆಯವರಿಗೇ ಕೊಡಿ. ನಿಲ್ಲಲು ಆಗದಿದ್ದರೆ ಹಿತ್ತಲಲ್ಲೋ ವರಾಂಡದಲ್ಲೋ ಗ್ಯಾಸ್ ಒಲೆ ಇಟ್ಟು ಮಣೆ ಹಾಕಿ. ಹುಡುಗಿಯರು ಅವರನ್ನು "ಅಜ್ಜಿ" ಎಂದು ಕರೆದು ಪಕ್ಕದಲ್ಲಿ ಕೂರಲಿ. ಭಾಷೆ ಬರದಿದ್ದರೂ ನಡೆಯುತ್ತದೆ. ರೊಟ್ಟಿ ತಟ್ಟುವುದನ್ನು ಕೈ ಹಿಡಿದೇ ಕಲಿಸಬೇಕು.

ಆದರೆ ಆ ಮಾತಿನ ಹಿಂದೆ ಇರುವುದು ಜಾತಿಯ ಯೋಚನೆಯಾದರೆ, ಅಕ್ಕಾ, ಅಲ್ಲಿ ನೀವು ಗಟ್ಟಿಯಾಗಿ ನಿಲ್ಲಬೇಕು. ಒಟ್ಟಿಗೆ ಊಟ ಅನ್ನುವುದು ನಮ್ಮಲ್ಲಿ ಯಾವಾಗಲೂ ಎಲ್ಲರನ್ನೂ ಕೂಡಿಸಿಕೊಂಡಿರಲಿಲ್ಲ. ಪಂಕ್ತಿಭೇದ ಇತ್ತು. ಯಾರ ಮುಂದೆ ಯಾರು ಉಣ್ಣಬಾರದು, ಯಾರು ಮುಟ್ಟಿದ್ದನ್ನು ಯಾರು ತಿನ್ನಬಾರದು ಎಂದು ಊರೂರಲ್ಲಿ ಕಟ್ಟು ಇತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ಅಳಿಸಿದೆ. ಅದಕ್ಕೂ ಬಹಳ ಹಿಂದೆ, 12ನೇ ಶತಮಾನದಲ್ಲೇ ಬಸವಣ್ಣನವರು ಮತ್ತು ಶರಣರು ದುಡಿದು ತಂದದ್ದನ್ನು ಹಂಚಿ ಉಣ್ಣುವ ದಾಸೋಹವನ್ನು ನಡೆಸಿ ತೋರಿಸಿದರು. ನಮ್ಮ ಸೀಮೆ ಅದನ್ನು ಇವತ್ತಿಗೂ ನೋಡುತ್ತಿದೆ. ಸಿರಿಗೆರೆಯ ತರಳಬಾಳು ಮಠದವರು ನಡೆಸುವ ಹುಣ್ಣಿಮೆ ಮಹೋತ್ಸವದ 9 ದಿನವೂ ಎಷ್ಟು ಜನ ಸಾಲಾಗಿ ಕೂತು ಪ್ರಸಾದ ತೆಗೆದುಕೊಳ್ಳುತ್ತಾರೆ, ಅತ್ತೆಯವರೂ ನೋಡಿರುತ್ತಾರೆ. ಅಲ್ಲಿ ಪಕ್ಕದಲ್ಲಿ ಕೂತವರ ಕುಲ ಯಾರು ಕೇಳುತ್ತಾರೆ? ಮನೆಯಲ್ಲೂ ಅಷ್ಟೇ ಅಂತ ಮೆಲ್ಲಗೆ ಹೇಳಿ. ಒಬ್ಬ ಹುಡುಗಿಗಾದರೂ ಬೇರೆ ಲೋಟ, ಬೇರೆ ಜಾಗ ಅನ್ನುವ ಮಾತು ಬಂದರೆ ಆ ಊಟ ಬೇಡವೇ ಬೇಡ. ಆ ಮಗು ಅದನ್ನು ಜನ್ಮವಿಡೀ ಮರೆಯುವುದಿಲ್ಲ.

ಪಕ್ಕದ ಮನೆಯವರನ್ನು ಕರೆಯುವಾಗಲೂ ಇದೇ ನೋಡಿ. ನಿಮ್ಮ ಬೀದಿಯಲ್ಲಿ ಮುಸ್ಲಿಮರ ಮನೆ ಇದ್ದರೆ ಅವರನ್ನು ಕರೆಯಲೇಬೇಕು. ರಂಜಾನಿನ ಸುರ್ಕುಂಬ, ಮೊಹರಂನ ಚೊಂಗೆ ನಮ್ಮ ಎಷ್ಟೋ ಮನೆಗಳಿಗೆ ಡಬ್ಬಿಯಲ್ಲಿ ಬರುತ್ತವೆ, ನಮ್ಮ ಹೋಳಿಗೆ ಅದೇ ಡಬ್ಬಿಯಲ್ಲಿ ಹೋಗುತ್ತದೆ. ದಾವಣಗೆರೆಯ ಊಟದ ಕಥೆ ಇದನ್ನು ಬಿಟ್ಟರೆ ಅರ್ಧವೇ.

ಎಲೆ ಹಾಕುವ ಮಾತು. ಬಾಳೆ ಎಲೆ ಸಿಕ್ಕರೆ ಸರಿ, ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಿ. ಮುತ್ತುಗದ ಎಲೆ ಸಿಕ್ಕರೆ ಇನ್ನೂ ಒಳ್ಳೆಯದು, ರೊಟ್ಟಿ ಪಲ್ಯಕ್ಕೆ ಅದು ಹೇಳಿ ಮಾಡಿಸಿದ್ದು. ಬಫೆ ಮಾತ್ರ ಬೇಡ. ತಟ್ಟೆ ಹಿಡಿದು ನಿಂತು ಉಣ್ಣುವಾಗ ಯಾರೂ ಯಾರಿಗೂ ಬಡಿಸುವುದಿಲ್ಲ. ಮೊದಲ ಸುತ್ತನ್ನು ನಿಮ್ಮ ಯಜಮಾನರೂ ಒಬ್ಬ ಹುಡುಗಿಯೂ ಸೇರಿ ಬಡಿಸಲಿ. ಗಂಡಸರು ಬಡಿಸುವುದು ಮದುವೆ ಮನೆಯಲ್ಲಿ ನಡೆಯುತ್ತದೆ, ಸ್ವಂತ ಮನೆಯಲ್ಲೇಕೆ ಆಗಬಾರದು? ಆಮೇಲೆ ಪಾತ್ರೆಗಳನ್ನೆಲ್ಲ ಎರಡು ಸಾಲಿನ ನಡುವೆ ಇಟ್ಟು ಬಡಿಸಿದವರೂ ಕೂತುಬಿಡಲಿ. ಬೇಕಾದವರು ಮೊದಲು ಪಕ್ಕದವರಿಗೆ ಹಾಕಿ, ಆಮೇಲೆ ತಮಗೆ ಹಾಕಿಕೊಳ್ಳಲಿ. ನೆಲದ ಮೇಲೆ ಕೂರಲು ಆಗದ ಹಿರಿಯರಿಗೆ ಪಕ್ಕದಲ್ಲೇ ಕುರ್ಚಿ, ಟೀಪಾಯಿ ಹಾಕಿ. ಅವರನ್ನು ಇನ್ನೊಂದು ಕೋಣೆಗೆ ಕಳಿಸಬೇಡಿ.

ಒತ್ತಾಯ ಒಂದೇ ಸಲ ಸಾಕು. "ಇನ್ನೊಂದ್ ರೊಟ್ಟಿ ಹಾಕ್ಲಾ" ಅನ್ನುವುದು ನಮ್ಮ ಪ್ರೀತಿ. ಎಲೆ ಮೇಲೆ ಕೈ ಅಡ್ಡ ಹಿಡಿದರೂ ಹಾಕಿಬಿಡುವುದು ಬಂದವರಿಗೆ ಕಷ್ಟ. ಹೊಟ್ಟೆಗೆ ಆಗದೆ ಬಿಡಲೂ ಆಗದೆ ಒದ್ದಾಡುತ್ತಾರೆ.

ಖಾರದ ವಿಷಯ ಚಿಕ್ಕದು. ಅಡುಗೆಯನ್ನು ಸಪ್ಪೆ ಮಾಡಬೇಡಿ, ಮೆಣಸಿನಕಾಯಿ ಬದಲಿಸಿ. ಸಾರಿಗೂ ಎಣ್ಣೆಗಾಯಿಗೂ ಬ್ಯಾಡಗಿ ಹಾಕಿ. ಬಣ್ಣ ಬರುತ್ತದೆ, ರುಚಿ ಇರುತ್ತದೆ, ಉರಿ ಕಡಿಮೆ. ಗುಂಟೂರಿನ ಖಾರ ಕೆಂಪು ಚಟ್ನಿಯಲ್ಲಿ ಇರಲಿ, ಬೇಕಾದವರು ಹಾಕಿಕೊಳ್ಳುತ್ತಾರೆ. ಆಂಧ್ರದ ಹುಡುಗಿ ಅದನ್ನೇ ಮೊದಲು ಕೇಳುತ್ತಾಳೆ. ಅವರಿಗೆ ಇಷ್ಟವಾಗಲಿ ಎಂದು ಪನೀರ್ ಮಸಾಲೆ ಮಾಡಲು ಹೋಗಬೇಡಿ, ಅದು ಮೆಸ್‌ನಲ್ಲೇ ಸಿಗುತ್ತದೆ.

ಇನ್ನು "ನಮ್ಮ ಪದ್ಧತಿ ಅವರಿಗೂ ಗೊತ್ತಾಗಲಿ" ಎಂದಿರಿ. ಅದಕ್ಕೆ ಭಾಷಣ ಬೇಡ. ಎಲೆ ಮೇಲೆ ಇರುವುದನ್ನು ತೋರಿಸಿ ಹೇಳಿ. ದಾವಣಗೆರೆ ರೊಟ್ಟಿ ಸೀಮೆಗೂ ಮುದ್ದೆ ಸೀಮೆಗೂ ನಡುವಿನ ಊರು. ಹರಿಹರ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಜೋಳದ ರೊಟ್ಟಿ. ಚಿತ್ರದುರ್ಗ ದಾಟಿ ಹಿರಿಯೂರು, ಹೊಸದುರ್ಗದ ಕಡೆ ಹೋದರೆ ರಾಗಿ ಮುದ್ದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಮಳೆ ಕಡಿಮೆ. ಅಲ್ಲಿ ಶೇಂಗಾ, ನವಣೆ, ಸಜ್ಜೆ. ಚಳ್ಳಕೆರೆಯಲ್ಲಿ ಅಷ್ಟು ಎಣ್ಣೆ ಗಿರಣಿಗಳು ಹುಟ್ಟಿದ್ದು ಆ ಶೇಂಗಾದಿಂದ. ಭದ್ರಾ ನಾಲೆ ನೀರು ಹರಿದ ಕಡೆ ಭತ್ತ. ಒಂದು ಎಲೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಅನ್ನ ಮೂರೂ ಇವೆ ಅಂದರೆ ಯಾವ ಹೊಲಕ್ಕೆ ಎಷ್ಟು ನೀರು ಸಿಕ್ಕಿತು ಎಂಬುದೇ ಆ ಎಲೆ ಮೇಲೆ ಇದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದಾಗ ಪೇಟೆಯಲ್ಲಿ ನವಣೆಗೆ ದೊಡ್ಡ ಹೆಸರು ಬಂತು. ಚಳ್ಳಕೆರೆ ಕಡೆಯ ಅಜ್ಜಿಯರು ನವಣೆ ಅನ್ನ ಉಂಡದ್ದು ಮಳೆ ಕೈಕೊಟ್ಟ ವರ್ಷದಲ್ಲೂ ಆ ಬೆಳೆ ಕೈಗೆ ಬರುತ್ತಿತ್ತು ಅನ್ನುವುದಕ್ಕೆ. ಇದನ್ನು ಅತ್ತೆಯವರ ಬಾಯಲ್ಲೇ ಹೇಳಿಸಿ.

ಆಮೇಲೆ ಅವರನ್ನು ಕೇಳಿ. ಬಿಹಾರದ ಸತ್ತು ಅಂದರೆ ಹುರಿದ ಕಡಲೆಯ ಹಿಟ್ಟು. ನಾವು ಮಂಡಕ್ಕಿಗೆ ಉದುರಿಸುವ ಹುರಿಗಡಲೆ ಪುಡಿಯ ನೆಂಟ ಅದು. ಆಂಧ್ರದ ಗೋಂಗೂರ ನಮ್ಮ ಪುಂಡಿ ಸೊಪ್ಪು. ಕೇರಳದ ಹುಡುಗಿಗೆ ಎಲೆ ಊಟದ ಕ್ರಮ ನಿಮಗಿಂತ ಚೆನ್ನಾಗಿ ಗೊತ್ತಿರಬಹುದು. ಮೂರನೇ ತಿಂಗಳಿಗೆ ಅಡುಗೆ ಅವರದಾಗಲಿ, ಹೆಚ್ಚುವ ಕೆಲಸ ನಿಮ್ಮದಾಗಲಿ. ನೀವು ಕೊಡುತ್ತಲೇ ಇದ್ದು ಅವರು ತೆಗೆದುಕೊಳ್ಳುತ್ತಲೇ ಇದ್ದರೆ ಸ್ವಲ್ಪ ದಿನದಲ್ಲಿ ಇಬ್ಬರಿಗೂ ಭಾರವಾಗುತ್ತದೆ.

ಮೊದಲ ಸಲ ಇಷ್ಟೆಲ್ಲ ದೊಡ್ಡದಾಯಿತು ಅನಿಸಿದರೆ ಒಂದು ಸಂಜೆ ಮಂಡಕ್ಕಿ ಮೆಣಸಿನಕಾಯಿಯಿಂದ ಶುರು ಮಾಡಿ. ದೊಡ್ಡ ಪರಾತದಲ್ಲಿ ಮಂಡಕ್ಕಿ ಸುರಿದು, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಹುರಿಗಡಲೆ ಪುಡಿ, ಖಾರ, ಎಣ್ಣೆ ಹಾಕಿ ಎಲ್ಲರೂ ಸೇರಿ ಕಲಸಬಹುದು. ಪಕ್ಕಕ್ಕೆ ಬಿಸಿ ಮೆಣಸಿನಕಾಯಿ ಬಜ್ಜಿ. ಆಗುವುದಾದರೆ ಅದಕ್ಕೂ ಮುಂಚೆ ಮಂಡಕ್ಕಿ ಭಟ್ಟಿಯ ಕಡೆ ಒಮ್ಮೆ ಕರೆದುಕೊಂಡು ಹೋಗಿ. ಬಿಸಿ ಮರಳಿನಲ್ಲಿ ಅಕ್ಕಿ ಅರಳುವುದನ್ನೂ, ಆ ಸೆಕೆಯಲ್ಲಿ ದುಡಿಯುವವರನ್ನೂ ನೋಡಲಿ.

ದುಡ್ಡು ತೆಗೆದುಕೊಳ್ಳಬೇಡಿ. ತಲೆಗಿಷ್ಟು ಎಂದು ವಸೂಲಿ ಮಾಡಿ ತಿಂಗಳು ತಿಂಗಳೂ ನಡೆಸಿದರೆ ಅದು ವ್ಯಾಪಾರವಾಗುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕಾಗುತ್ತದೆ. ಮನೆ ಅಡುಗೆಯನ್ನೇ ಉದ್ಯೋಗ ಮಾಡಿಕೊಳ್ಳುವ ಇರಾದೆ ಇದ್ದರೆ ಧಾರಾಳವಾಗಿ ಮಾಡಿಸಿ, ಅದು ಒಳ್ಳೆಯ ಕೆಲಸವೇ. ಈ ಊಟವನ್ನು ಅದರಿಂದ ದೂರ ಇಡಿ. ಖರ್ಚು ಹಂಚಿಕೊಳ್ಳಲು ಬೇರೆ ದಾರಿ ಇದೆ. ಒಬ್ಬರು ಬದನೆಕಾಯಿ ತರಲಿ, ಒಬ್ಬರು ಮೊಸರು ತರಲಿ, ಕೈಲಾಗದವರು ಪಾತ್ರೆ ತೊಳೆಯಲಿ. "ಮಾಡಿದಷ್ಟು ನೀಡು ಭಿಕ್ಷೆ" ಎಂದು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಹೇಳಿದ ಮಾತು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕೆರೆ ಕಟ್ಟಿಸಿದವರ ಮಾತು ಅದು. ಕೆಲಸಕ್ಕೂ ಊಟಕ್ಕೂ ನಂಟು ಹಾಕುವ ಮಾತು. ನಿಮ್ಮ ಭಾನುವಾರಕ್ಕೆ ಇದಕ್ಕಿಂತ ಸರಿಯಾದ ನಿಯಮ ನನಗೆ ತಿಳಿದಿಲ್ಲ.

ಕರೆಯುವ ಮೊದಲು ಪ್ರತಿಯೊಬ್ಬರನ್ನೂ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಶೇಂಗಾ ಆಗುತ್ತದೆಯೇ? ಕೆಲವರಿಗೆ ಶೇಂಗಾದ ಅಲರ್ಜಿ ಜೀವಕ್ಕೇ ತೊಂದರೆ ಮಾಡುತ್ತದೆ. ನಮ್ಮ ಅಡುಗೆಯಲ್ಲಿ ಶೇಂಗಾ ಎಲ್ಲೆಲ್ಲೂ ಇದೆ. ಚಟ್ನಿಪುಡಿ, ಎಣ್ಣೆಗಾಯಿ, ಪಲ್ಯ, ಎಣ್ಣೆ. ಅಂಥವರು ಒಬ್ಬರಿದ್ದರೂ ಆ ದಿನ ಮನೆಗೆ ಶೇಂಗಾ ಬೇಡ. ಎಣ್ಣೆಗಾಯಿಗೆ ಎಳ್ಳು, ಕೊಬ್ಬರಿ ಹಾಕಿ, ಎಳ್ಳು ಆಗುತ್ತದೆಯೇ ಎಂದೂ ಕೇಳಿಕೊಂಡು. ಗೋಧಿ ಆಗದವರಿಗೆ ಜೋಳದ ರೊಟ್ಟಿ ವರವೇ, ಆದರೆ ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಒಗ್ಗರಣೆ ಹಾಕುವಾಗ ನೆನಪಿರಲಿ. ಜೈನರ ಹುಡುಗಿ ಇದ್ದರೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಪಲ್ಯ ಒಂದು ಬೇರೆ ತೆಗೆದಿಡಿ.

ಅನ್ನವನ್ನು ಬೆಳಗ್ಗೆಯೇ ಮಾಡಿಟ್ಟು ಮಧ್ಯಾಹ್ನದವರೆಗೆ ಬಿಡಬೇಡಿ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಹೊರಗೇ ಇದ್ದರೆ ಅದು ಬೆಳೆದು ವಾಂತಿ ತರಿಸುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಅನ್ನಕ್ಕೆ ಇಡಿ. ಉಳಿದದ್ದನ್ನು 2 ಗಂಟೆಯೊಳಗೆ ಫ್ರಿಡ್ಜಿಗೆ ಸೇರಿಸಿ ಅಥವಾ ಅಷ್ಟರೊಳಗೇ ಹಂಚಿಬಿಡಿ.

ದಸರಾ ಆದ ಮೇಲೆ ಸೀಗೆ ಹುಣ್ಣಿಮೆ ಬರುತ್ತದೆ. ಹಳ್ಳಿಯಲ್ಲಿ ಹೊಲ ಇರುವ ನೆಂಟರು ಯಾರಾದರೂ ನಿಮಗೆ ಇದ್ದೇ ಇರುತ್ತಾರೆ. ಆ ತಿಂಗಳ ಊಟವನ್ನು ಅಲ್ಲಿಗೇ ಒಯ್ಯಿರಿ. ರೊಟ್ಟಿ ಬುತ್ತಿ, ಪಲ್ಯ, ಮೊಸರನ್ನ, ಕಡುಬು ಕಟ್ಟಿಕೊಂಡು ಹೋಗಿ, ಭೂಮಿಗೆ ಪೂಜೆ ಮಾಡಿ, ಹೊಲಕ್ಕೆ ಚರಗ ಚೆಲ್ಲಿ (ಎಡೆಯ ಅಡುಗೆಯನ್ನು ಹೊಲದ ತುಂಬ ಎರಚಿ), ಬದುವಿನ ಮೇಲೆ ಕೂತು ಉಣ್ಣುವುದನ್ನು ಆ ಹುಡುಗಿಯರು ಬೇರೆಲ್ಲೂ ನೋಡಲಾರರು. ಪರೀಕ್ಷೆಯ ದಿನಗಳನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.

ಇನ್ನು ಹಿಟ್ಟು. ಅಂಗಡಿಯ ಪ್ಯಾಕೆಟ್ ಹಿಟ್ಟು ತರಬೇಡಿ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗಿ ತಟ್ಟುವಾಗ ಬಿರಿಯುತ್ತದೆ. ಕಲಿಯುವವರ ಕೈಯಲ್ಲಂತೂ ನಿಲ್ಲುವುದೇ ಇಲ್ಲ. ಒಳ್ಳೆ ಬಿಳಿಜೋಳ ತಂದು ಹಸನು ಮಾಡಿ, ಶುಕ್ರವಾರವೋ ಶನಿವಾರವೋ ಗಿರಣಿಗೆ ಕಳಿಸಿ, ನುಣ್ಣಗೆ ಬೀಸಿಸಿಕೊಂಡು ಬನ್ನಿ. ಚೀಲಕ್ಕೆ ಹಾಕುವ ಮೊದಲು ಹಿಟ್ಟು ಚೆನ್ನಾಗಿ ಆರಲಿ.